ಫೈಬರ್ ಲೇಸರ್ ಕಟಿಂಗ್ ಮಷಿನ್ ನೋಡ್ಕೊಳ್ಳೋದು ಹೇಗೆ: ಗ್ಲಾಸು, ನೀರು, ಗಾಳಿ

"ಸರ್, ನಿನ್ನೆ ನೈಟ್ ಶಿಫ್ಟ್‌ವರೆಗೂ ಚೆನ್ನಾಗೇ ಕಟ್ ಆಗ್ತಿತ್ತು, ಇವತ್ತು ಬೆಳಿಗ್ಗೆಯಿಂದ 6 ಎಂಎಂ ಎಂಎಸ್ ಕೆಳಗಡೆ ಬರ್ ನಿಲ್ತಿದೆ, ಸೋರ್ಸ್ ಹೋಯ್ತಾ?" ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. (ಎಂಎಸ್ ಅಂದ್ರೆ ಮೈಲ್ಡ್ ಸ್ಟೀಲ್, ಮಾಮೂಲಿ ಕಬ್ಬಿಣದ ತಗಡು; ಬರ್ ಅಂದ್ರೆ ಕಟ್ ಆದ ಅಂಚಿಗೆ ಅಂಟಿ ನಿಲ್ಲೋ ಲೋಹದ ಮುಳ್ಳು.) ಪೀಣ್ಯದವರೂ ಕೇಳ್ತಾರೆ, ಹುಬ್ಬಳ್ಳಿಯವರೂ ಕೇಳ್ತಾರೆ, ಮಳೆಗಾಲ ಶುರುವಾದ್ರೆ ಮಂಗಳೂರು ಬೈಕಂಪಾಡಿ ಕಡೆಯವರು ಇನ್ನೂ ಜಾಸ್ತಿ. ಸೋರ್ಸ್, ಅಂದ್ರೆ ಲೇಸರ್ ಹುಟ್ಟೋ ಆ ದೊಡ್ಡ ಪೆಟ್ಟಿಗೆ, ಅಷ್ಟು ಸುಲಭಕ್ಕೆ ಹೋಗಲ್ಲ ರೀ. ಹೋಗೋದು ಲೆನ್ಸ್ ಕಾಯೋ ಗ್ಲಾಸು, ಕೆಡೋದು ಮಷಿನ್ ತಂಪು ಮಾಡೋ ನೀರು, ಕೆಡಿಸೋದು ಕಂಪ್ರೆಸರ್ ಗಾಳಿ. ಈ ಮೂರನ್ನ ನೋಡ್ಕೊಂಡ್ರೆ ಸರ್ವಿಸ್ ಇಂಜಿನಿಯರ್‌ಗೆ ಫೋನ್ ಮಾಡೋ ಪ್ರಸಂಗ ಅರ್ಧಕ್ಕರ್ಧ ಕಮ್ಮಿ ಆಗತ್ತೆ.

ನಾನು ಹೇಳ್ತಿರೋದು ತಗಡು ಕಟ್ ಮಾಡೋ ಫೈಬರ್ ಲೇಸರ್ ಬಗ್ಗೆ ಮಾತ್ರ. ಅಕ್ರಿಲಿಕ್ ಪ್ಲೈವುಡ್ ಕಟ್ ಮಾಡೋ ಸಿಓಟು ಮಷಿನ್ನಿನಲ್ಲಿ ಕನ್ನಡಿ, ಟ್ಯೂಬು ಎಲ್ಲಾ ಇರತ್ತೆ, ಅದರ ಕಥೆ ಬೇರೆ. ಇನ್ನೊಂದು, ನಿಮ್ಮ ಮಷಿನ್ ಜೊತೆ ಬಂದ ಮ್ಯಾನ್ಯುಯಲ್‌ನಲ್ಲಿರೋ ಅಂಕಿಗೂ ನಾನು ಹೇಳೋ ಅಂಕಿಗೂ ವ್ಯತ್ಯಾಸ ಇದ್ರೆ ಮ್ಯಾನ್ಯುಯಲ್ ಮಾತೇ ಕೇಳಿ.

ಮೊದಲು ಇಷ್ಟು ತಂದಿಟ್ಕೊಳ್ಳಿ

99 ಪರ್ಸೆಂಟಿಗಿಂತ ಜಾಸ್ತಿ ಶುದ್ಧ ಇರೋ ಐಸೋಪ್ರೊಪೈಲ್ ಆಲ್ಕೋಹಾಲ್ (ಎಲ್ಲರೂ ಐಪಿಎ ಅಂತಾರೆ, ಮೆಡಿಕಲ್ ಶಾಪಿನ ಸ್ಪಿರಿಟ್ಟು ಸ್ಯಾನಿಟೈಸರ್ ಇದಲ್ಲ), ನೂಲು ಬಿಡದ ಲೆನ್ಸ್ ಟಿಶ್ಯೂ ಮತ್ತೆ ಸ್ವಾಬ್ ಅಂದ್ರೆ ತುದಿಗೆ ಮೆತ್ತನೆ ಬಟ್ಟೆ ಇರೋ ಕಡ್ಡಿ, ಪೌಡರ್ ಇಲ್ಲದ ಗ್ಲೌಸು, ಕೈಯಲ್ಲಿ ಒತ್ತಿ ಗಾಳಿ ಬಿಡೋ ರಬ್ಬರ್ ಬಲ್ಬು, ಮಾಸ್ಕಿಂಗ್ ಟೇಪ್, ಸೆಲೋಟೇಪ್, ಒಂದು ಒಳ್ಳೆ ಟಾರ್ಚು, ಮುಚ್ಚಳ ಇರೋ ಕ್ಲೀನಾದ ಡಬ್ಬಿ. ಸ್ಪೇರ್ ಅಂತ ಕನಿಷ್ಠ ಐದಾರು ಪ್ರೊಟೆಕ್ಷನ್ ಗ್ಲಾಸು, ಎರಡು ಸೀಲ್ ರಿಂಗು, ಎರಡು ಸೆರಾಮಿಕ್ (ನಾಝಲ್ ಮೇಲೆ ಕೂರೋ ರಿಂಗು), ನೀವು ದಿನಾ ಬಳಸೋ ಸೈಜಿನ ನಾಝಲ್ (ಲೇಸರ್ರೂ ಗ್ಯಾಸೂ ಹೊರಗೆ ಬರೋ ತೂತಿನ ತುದಿ) ನಾಲ್ಕೈದು. ಒಂದು ಗ್ಲಾಸ್ ಇಲ್ಲ ಅಂತ ಇಡೀ ದಿನ ಮಷಿನ್ ನಿಂತಿರೋ ಶಾಪ್ ಎಷ್ಟೋ ನೋಡಿದೀನಿ.

ಆಮೇಲೆ ಕಣ್ಣು. ಫೈಬರ್ ಲೇಸರ್ ಬೆಳಕು ಸುಮಾರು 1070 ನ್ಯಾನೋಮೀಟರ್, ಕಣ್ಣಿಗೆ ಕಾಣಲ್ಲ. ಕಾಣದೇ ಇರೋದ್ರಿಂದ ರೆಪ್ಪೆ ತಾನಾಗೇ ಮುಚ್ಕೊಳ್ಳಲ್ಲ, ಸೀದಾ ಕಣ್ಣಿನ ಹಿಂಭಾಗದ ರೆಟಿನಾಗೆ ಹೋಗಿ ಬೀಳತ್ತೆ, ತಗಡಿಂದ ಪ್ರತಿಫಲಿಸಿ ಬಂದ್ರೂ ಸಾಕು ದೃಷ್ಟಿ ಹೋಗತ್ತೆ. ಅದಕ್ಕೆ 1070ಕ್ಕೆ ಅಂತ ಕನ್ನಡಕದ ಮೇಲೇ ಬರೆದಿರೋದನ್ನೇ ಹಾಕಿ. ಗ್ಯಾಸ್ ವೆಲ್ಡಿಂಗ್ ಕನ್ನಡಕ ಲೆಕ್ಕಕ್ಕಿಲ್ಲ. ಮಷಿನ್ ಬಾಗಿಲಿನ ಹಸಿರು ಕಿಟಕಿ ಒಡೆದೋಯ್ತು ಅಂತ ಸಿಗ್ನೇಜ್ ಅಂಗಡಿಯಿಂದ ಹಸಿರು ಅಕ್ರಿಲಿಕ್ ತಂದು ಹಾಕೋರಿದಾರೆ, ದಯವಿಟ್ಟು ಬೇಡ, ಬಣ್ಣ ಒಂದೇ ಥರ ಕಂಡ್ರೂ ಆ ಅಕ್ರಿಲಿಕ್ ಈ ಬೆಳಕನ್ನ ಹಾಗೇ ಹೊರಗೆ ಬಿಟ್ಬಿಡತ್ತೆ.

1. ಬೆಳಿಗ್ಗೆ ಮೊದಲ ಕೆಲಸ: ಕಂಪ್ರೆಸರ್ ನೀರು ಬಿಡಿ

ಮಷಿನ್ ಆನ್ ಮಾಡೋಕ್ ಮುಂಚೆ ಕಂಪ್ರೆಸರ್ ಟ್ಯಾಂಕಿನ ಕೆಳಗಿರೋ ಡ್ರೈನ್ ವಾಲ್ವ್ ತೆಗೀರಿ. ಮಳೆಗಾಲದಲ್ಲಿ ಎಷ್ಟು ನೀರು ಬರತ್ತೆ ನೋಡಿದ್ರೆ ನಿಮಗೇ ಭಯ ಆಗತ್ತೆ. ಆಟೋ ಡ್ರೈನ್ ಇದೆ ಸರ್ ಅಂತಾರೆ, ಇರತ್ತೆ, ಕಸ ಕಟ್ಕೊಂಡು ಕೆಲಸ ನಿಲ್ಸಿರತ್ತೆ, ಅದಕ್ಕೇ ದಿನಾ ಒಂದ್ಸಲ ಕೈಯಲ್ಲೇ ಬಿಟ್ಟು ನೋಡಿ. ಏರ್ ಡ್ರೈಯರ್ ಓಡ್ತಿದ್ಯಾ, ಲೈನಲ್ಲಿರೋ ಫಿಲ್ಟರ್ ಬಟ್ಟಲುಗಳಲ್ಲಿ ನೀರೋ ಎಣ್ಣೆಯೋ ನಿಂತಿದ್ಯಾ ನೋಡಿ.

ಇಷ್ಟೊಂದು ಯಾಕೆ ಅಂದ್ರೆ ಗಾಳಿಯಲ್ಲೇ ಕಟ್ ಮಾಡೋರಿಗೆ ಆ ಗಾಳಿ ಸೀದಾ ಪ್ರೊಟೆಕ್ಷನ್ ಗ್ಲಾಸಿನ ಕೆಳಗಡೆ ಬಂದು ನಾಝಲ್‌ನಿಂದ ಹೊರಗೆ ಹೋಗತ್ತೆ. ಗಾಳಿಯಲ್ಲಿ ಎಣ್ಣೆ ಹನಿ ಇದ್ರೆ ಗ್ಲಾಸ್ ಮೇಲೆ ಕೂರತ್ತೆ, ಲೇಸರ್ ಬಿದ್ದ ತಕ್ಷಣ ಸುಟ್ಟು ಕಪ್ಪು ಚುಕ್ಕೆ ಆಗತ್ತೆ, ಆ ಚುಕ್ಕೆ ಬೆಳಕನ್ನ ಹೀರ್ಕೊಂಡು ಇನ್ನಷ್ಟು ಬಿಸಿಯಾಗತ್ತೆ, ಅಲ್ಲಿಗೆ ಗ್ಲಾಸ್ ಕಥೆ ಮುಗೀತು. ಒಂದು ಸುಲಭ ಪರೀಕ್ಷೆ ಇದೆ: ಲೇಸರ್ ಆಫ್ ಇರೋವಾಗ ನಾಝಲ್ ಕೆಳಗೆ ಬಿಳಿ ಟಿಶ್ಯೂ ಹಿಡಿದು ಅರ್ಧ ನಿಮಿಷ ಗಾಳಿ ಬಿಡಿ. ಟಿಶ್ಯೂ ಒದ್ದೆ ಆಯ್ತು, ಜಿಡ್ಡು ಬಿತ್ತು ಅಂದ್ರೆ ಅವತ್ತು ಏರ್ ಕಟಿಂಗ್ ಬೇಡ, ಫಿಲ್ಟರ್ ಎಲಿಮೆಂಟ್ ಬದಲಾಯಿಸೋವರೆಗೂ ಬೇಡ.

ಗಾಳಿ ಬದಲು ಆಕ್ಸಿಜನ್, ನೈಟ್ರೋಜನ್ ಹಾಕಿ ಕಟ್ ಮಾಡೋರಿಗೆ ಗ್ಯಾಸ್ ವಿಷ್ಯ ಚಿಕ್ಕದಾಗಿ ಹೇಳ್ತೀನಿ. ಆಕ್ಸಿಜನ್ ರೆಗ್ಯುಲೇಟರ್, ಪೈಪು, ಫಿಟ್ಟಿಂಗ್ ಹತ್ರ ಗ್ರೀಸು ಎಣ್ಣೆ ಹತ್ತಿದ ಕೈ ಇಡಬಾರದು, ಹೈ ಪ್ರೆಶರ್ ಆಕ್ಸಿಜನ್ ಜೊತೆ ಎಣ್ಣೆ ಸೇರಿದ್ರೆ ಕಿಡಿ ಇಲ್ಲದೇನೇ ಹತ್ಕೊಳ್ಳತ್ತೆ. ಡ್ಯೂರಾ ಸಿಲಿಂಡರ್‌ನಲ್ಲಿ, ಅಂದ್ರೆ ಗ್ಯಾಸನ್ನ ದ್ರವ ಮಾಡಿ ತುಂಬಿರೋ ದೊಡ್ಡ ಸಿಲಿಂಡರ್‌ನಲ್ಲಿ, ನೈಟ್ರೋಜನ್ ಬಳಸೋರು ಅದನ್ನ ಮುಚ್ಚಿದ ಚಿಕ್ಕ ರೂಮಲ್ಲಿ ಇಡಬೇಡಿ. ಲೀಕ್ ಆದ್ರೆ ವಾಸನೆ ಬರಲ್ಲ, ಒಳಗೆ ಹೋದೋರು ಸದ್ದಿಲ್ದೇ ಬಿದ್ದೋಗ್ತಾರೆ.

2. ಚಿಲ್ಲರ್

ಚಿಲ್ಲರ್ ಅಂದ್ರೆ ನೀರು ತಂಪು ಮಾಡಿ ಮಷಿನ್ ಒಳಗೆ ಸುತ್ತಿಸೋ ಪೆಟ್ಟಿಗೆ. ಆನ್ ಮಾಡುವಾಗ ಮೊದಲು ಚಿಲ್ಲರ್, ನೀರು ಸೆಟ್ ಟೆಂಪರೇಚರ್‌ಗೆ ಬಂದ್ಮೇಲೆ ಸೋರ್ಸ್. ಆಫ್ ಮಾಡುವಾಗ ಉಲ್ಟಾ: ಮೊದಲು ಲೇಸರ್, ಸ್ವಲ್ಪ ಹೊತ್ತು ಬಿಟ್ಟು ಚಿಲ್ಲರ್.

ಚಿಲ್ಲರ್‌ನಲ್ಲಿ ಸಾಮಾನ್ಯವಾಗಿ ಎರಡು ನೀರಿನ ದಾರಿ ಇರತ್ತೆ. ಒಂದು ಸೋರ್ಸಿಗೆ, ಸುಮಾರು 25 ಡಿಗ್ರಿ. ಇನ್ನೊಂದು ಕಟಿಂಗ್ ಹೆಡ್‌ಗೆ (ತಗಡಿನ ಮೇಲೆ ಓಡೋ, ಲೆನ್ಸು ನಾಝಲ್ಲು ಇರೋ ಭಾಗ), ಸ್ವಲ್ಪ ಬೆಚ್ಚಗೆ, 28ರಿಂದ 30. ಹೆಡ್‌ಗೆ ಯಾಕೆ ಬೆಚ್ಚಗೆ ಅಂದ್ರೆ ಲೆನ್ಸ್ ಮೇಲೆ ಇಬ್ಬನಿ ಕೂರಬಾರದು ಅಂತ. ತಣ್ಣಗಿದ್ದಷ್ಟೂ ಒಳ್ಳೇದು ಅಂದ್ಕೊಂಡು 18ಕ್ಕೆ 20ಕ್ಕೆ ಇಳಿಸೋರಿದಾರೆ, ಇದು ನಾನು ಕಂಡ ದೊಡ್ಡ ತಪ್ಪುಗಳಲ್ಲಿ ಒಂದು. ಫ್ರಿಜ್ಜಿಂದ ತೆಗೆದ ಬಾಟಲಿ ಮೈ ಬೆವರತ್ತಲ್ಲ, ಸೋರ್ಸ್ ಒಳಗೂ ಅದೇ ಆಗತ್ತೆ. ಲೆಕ್ಕ ಹೇಳ್ತೀನಿ ನೋಡಿ: ಶೆಡ್‌ನಲ್ಲಿ 30 ಡಿಗ್ರಿ ಶಾಖ, ಗಾಳಿಯಲ್ಲಿ ತೇವ 70 ಪರ್ಸೆಂಟ್ ಇದ್ರೆ ಇಬ್ಬನಿ ಕಟ್ಟೋದು ಸುಮಾರು 24 ಡಿಗ್ರಿಗೆ, ಹಂಗಾಗಿ 25 ಡಿಗ್ರಿ ನೀರು ಹೆಂಗೋ ಪಾರಾಗತ್ತೆ. ಅದೇ ತೇವ 80 ಆಯ್ತು ಅಂದ್ರೆ ಇಬ್ಬನಿ 26 ಡಿಗ್ರಿಗೇ ಕಟ್ಟತ್ತೆ, ಆಗ 25 ಡಿಗ್ರಿ ನೀರೂ ಅಪಾಯನೇ. ಕರಾವಳಿ ಕಡೆ ಜೂನ್ ಜುಲೈನಲ್ಲಿ ಇದು ದಿನನಿತ್ಯದ ಮಾತು. ಅದಕ್ಕೇ ಸೋರ್ಸಿಗೆ ಗಾಜಿನ ಕ್ಯಾಬಿನ್ ಮಾಡಿ ಎಸಿ ಹಾಕಿ ಅಂತ ಹೇಳೋದು, ಮನುಷ್ಯರಿಗೆ ತಂಪಾಗ್ಲಿ ಅಂತ ಅಲ್ಲ, ತೇವ ತೆಗೆಯೋಕೆ. ಗೋಡೆಗೆ ತೇವ ತೋರಿಸೋ ಚಿಕ್ಕ ಮೀಟರ್ ಒಂದು ತಗುಲಿಸಿಬಿಡಿ, ದೊಡ್ಡ ಖರ್ಚೇನಲ್ಲ.

ನೀರು ಯಾವ್ದು ಅನ್ನೋದು ಇನ್ನೊಂದು ನಿತ್ಯದ ಪ್ರಶ್ನೆ. ಡಿಸ್ಟಿಲ್ಡ್ ಅಥವಾ ಡಿಎಂ ನೀರು, ಅಂದ್ರೆ ಲವಣ ಪೂರ್ತಿ ತೆಗೆದಿರೋದು. ಬೋರ್‌ವೆಲ್ ನೀರು ಹಾಕಿದ್ರೆ ನಿಮ್ಮನೆ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟತ್ತಲ್ಲ, ಅದು ಸೋರ್ಸ್ ಒಳಗಿನ ಸಣ್ಣ ದಾರಿಗಳಲ್ಲಿ ಕಟ್ಟತ್ತೆ. ಕುಡಿಯೋ ಆರ್‌ಓ ಕ್ಯಾನ್ ನೀರಲ್ಲೂ ಲವಣ ಇರತ್ತೆ, ಅದೂ ಬೇಡ. ಮ್ಯಾನ್ಯುಯಲ್ ಹೇಳಿದ ಅವಧಿಗೆ, ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಿಗೊಮ್ಮೆ, ಪೂರ್ತಿ ಖಾಲಿ ಮಾಡಿ ಹೊಸದು ತುಂಬಿ, ಬರೀ ಮೇಲಿಂದ ಸೇರಿಸ್ತಾ ಹೋದ್ರೆ ಪ್ರಯೋಜನ ಇಲ್ಲ. ಪಾಚಿ ಬಂದು ಹಸಿರು ತಿರುಗಿದ್ರೆ ಅವಧಿಗೆ ಕಾಯಬೇಡಿ. ಫಿಲ್ಟರ್ ಕೂಡ ಆಗ್ಲೇ ಬದಲಾಯಿಸಿ. ಚಿಲ್ಲರ್ ಪಕ್ಕದಲ್ಲಿರೋ ಜಾಲರಿಯ ಧೂಳು ವಾರಕ್ಕೊಮ್ಮೆ ತೆಗೀರಿ, ಏಪ್ರಿಲ್ ಮೇನಲ್ಲಿ ಹೈ ಟೆಂಪರೇಚರ್ ಅಲಾರಂ ಬರೋದು ಮುಕ್ಕಾಲು ಪಾಲು ಈ ಜಾಲರಿ ಕಟ್ಕೊಂಡೇ.

3. ನಾಝಲ್, ಸೆರಾಮಿಕ್, ಟೇಪ್ ಟೆಸ್ಟ್

ನಾಝಲ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ತೂತು ದುಂಡಗಿರಬೇಕು, ಅಂಚಲ್ಲಿ ಕಿಟ್ಟ ಅಂಟಿರಬಾರದು. ಅಂಟಿದ್ರೆ ಮೆತ್ತಗೆ ತೆಗೀರಿ, ಡ್ರಿಲ್ ಬಿಟ್ ಹಾಕಿ ತೂತು ಕೆರೆಯೋ ಬುದ್ಧಿವಂತಿಕೆ ಬೇಡ, ಅಂಡಾಕಾರ ಆಗ್ಬಿಡತ್ತೆ. ಅಂಡಾಕಾರ ಆದ್ರೆ ಎಸೀರಿ. ನಾಝಲ್ ಮೇಲಿರೋ ಬಿಳಿ ಸೆರಾಮಿಕ್ ರಿಂಗ್‌ನಲ್ಲಿ ಕೂದಲೆಳೆಯಷ್ಟು ಬಿರುಕಿದ್ರೂ ಬದಲಾಯಿಸಿ. ತಗಡಿಗೂ ನಾಝಲ್‌ಗೂ ನಡುವೆ ಅರ್ಧದಿಂದ ಒಂದು ಎಂಎಂ ಅಂತರ ಇಟ್ಕೊಂಡು ಹೆಡ್ ಓಡೋದು ಕೆಪ್ಯಾಸಿಟೆನ್ಸ್ ಸೆನ್ಸರ್‌ನಿಂದ, ಅಂದ್ರೆ ನಾಝಲ್ಲು ತಗಡು ಇವೆರಡರ ನಡುವಿನ ವಿದ್ಯುತ್ ಗುಣ ಅಳೆದು ಎತ್ತರ ತಿಳ್ಕೊಳ್ಳೋದು. ಸೆರಾಮಿಕ್ ಬಿರುಕು ಬಿಟ್ಟಿದ್ರೆ, ತೇವ ಇದ್ರೆ, ನಾಝಲ್ ಲೂಸ್ ಇದ್ರೆ ಆ ಅಳತೆ ಕುಣಿಯೋಕೆ ಶುರುವಾಗತ್ತೆ, ಹೆಡ್ ಹೋಗಿ ತಗಡಿಗೆ ಗುದ್ದತ್ತೆ. ನಾಝಲ್ ಅಥವಾ ಸೆರಾಮಿಕ್ ಮುಟ್ಟಿದ್ರೆ ಕ್ಯಾಲಿಬ್ರೇಶನ್, ಅಂದ್ರೆ ಆ ಅಳತೆಯನ್ನ ಮತ್ತೆ ಸರಿಹೊಂದಿಸೋದು, ಮಾಡ್ಲೇಬೇಕು, ಮಾತೇ ಇಲ್ಲ.

ಆಮೇಲೆ ಸೆಂಟರ್, ಅಂದ್ರೆ ಲೇಸರ್ ನಾಝಲ್ ತೂತಿನ ನಡುವೆ ಬರ್ತಿದ್ಯಾ ಅಂತ, ನೋಡೋ ಟೇಪ್ ಟೆಸ್ಟ್. ಗ್ಯಾಸ್ ಆಫ್ ಮಾಡಿ, ಚಿಕ್ಕ ತೂತಿನ ನಾಝಲ್ (1 ಅಥವಾ 1.2 ಎಂಎಂ) ಹಾಕಿ, ಅದರ ಬಾಯಿಗೆ ಸೆಲೋಟೇಪ್ ಸುಕ್ಕಿಲ್ದಂಗೆ ಬಿಗಿಯಾಗಿ ಅಂಟಿಸಿ, ಬೆರಳಿಂದ ಒತ್ತಿ ನಾಝಲ್ ತೂತಿನ ಗುರುತು ಟೇಪ್ ಮೇಲೆ ಮೂಡೋಹಂಗೆ ಮಾಡಿ. ಕೈ ತೆಗೆದು, ಬಾಗಿಲು ಹಾಕಿ, ಕಡಿಮೆ ಪವರ್‌ನಲ್ಲಿ ಒಂದೇ ಒಂದು ಶಾಟ್ ಕೊಡಿ. ಟೇಪ್ ಬಿಚ್ಚಿ ಬೆಳಕಿಗೆ ಹಿಡೀರಿ: ದುಂಡು ಗುರುತಿನ ನಟ್ಟನಡುವೆ ಸೂಜಿ ಚುಚ್ಚಿದಂಗೆ ಕಪ್ಪು ತೂತು ಇರಬೇಕು. ಒಂದು ಕಡೆ ವಾಲಿದ್ರೆ ಹೆಡ್ ಪಕ್ಕದಲ್ಲಿರೋ ಎರಡು ಅಲೆನ್ ಸ್ಕ್ರೂಗಳಲ್ಲಿ ಸ್ವಲ್ಪ ಸ್ವಲ್ಪವೇ, ಕಾಲು ಸುತ್ತಿಗಿಂತ ಕಮ್ಮಿ ತಿರುಗಿಸಿ ಮತ್ತೆ ಶಾಟ್ ಕೊಡಿ. ಒಂದೊಂದು ಶಾಟ್‌ಗೂ ಹೊಸ ಟೇಪೇ ಹಾಕ್ಬೇಕು, ಹಳೇದ್ರಲ್ಲೇ ಮತ್ತೆ ಹೊಡೆದ್ರೆ ಯಾವ ತೂತು ಯಾವ್ದು ಅಂತ ತಲೆ ಕೆಡತ್ತೆ. ತೂತು ಒಂದರ ಬದಲು ಮಸುಕಾಗಿ ಹರಡಿದಂಗೆ ಇದ್ರೆ ಸೆಂಟರ್ ಸಮಸ್ಯೆ ಅಲ್ಲ, ಮೇಲಿನ ಯಾವ್ದೋ ಗ್ಲಾಸ್ ಕೊಳೆ ಆಗಿದೆ ಅಂತ ಅರ್ಥ.

4. ಪ್ರೊಟೆಕ್ಷನ್ ಗ್ಲಾಸ್

ಇದಕ್ಕೆ ಸ್ವಲ್ಪ ಹೊತ್ತು ಕೊಡಿ, ಇಡೀ ಲೇಖನದಲ್ಲಿ ಇದೊಂದೇ ಓದಿದ್ರೂ ಸಾಕು.

ಪ್ರೊಟೆಕ್ಷನ್ ಗ್ಲಾಸ್ ಅಂದ್ರೆ ಕಟಿಂಗ್ ಹೆಡ್‌ನಲ್ಲಿ ಫೋಕಸ್ ಲೆನ್ಸ್ ಕೆಳಗೆ ಕೂತಿರೋ ಬಿಲ್ಲೆ. ಕೆಳಗಿಂದ ಹಾರಿ ಬರೋ ಕಿಡಿ, ಹೊಗೆ ಎಲ್ಲಾ ತಾನು ತಿಂದು ಮೇಲಿನ ದುಬಾರಿ ಲೆನ್ಸ್ ಉಳಿಸೋದೇ ಇದರ ಕೆಲಸ. ಸಾಯೋಕೇ ಇರೋ ಪಾರ್ಟು ಅದು, ಅದನ್ನ ಉಳಿಸೋಕೆ ಹೋಗಿ ಲೆನ್ಸ್ ಕಳ್ಕೋಬೇಡಿ.

ಗ್ಲಾಸ್ ತೆಗೆಯೋ ಕ್ರಮ ಹೀಗೆ. ಲೇಸರ್ ಆಫ್, ಗ್ಯಾಸ್ ಆಫ್, ಹೆಡ್ಡನ್ನ ಬೆಡ್‌ನಿಂದ, ಅಂದ್ರೆ ತಗಡು ಇಡೋ ಮೇಜಿಂದ, ಆಚೆ ತಂದು ನಿಲ್ಸಿ. ಹತ್ತಿರದ ಫ್ಯಾನ್ ಆಫ್ ಮಾಡಿ, ಪಕ್ಕದಲ್ಲಿ ಯಾರಾದ್ರೂ ಗ್ರೈಂಡಿಂಗ್ ಮಾಡ್ತಿದ್ರೆ ನಿಲ್ಸೋಕೆ ಹೇಳಿ, ಐದು ನಿಮಿಷ ಧೂಳು ಕೂರ್ಲಿ. ಡ್ರಾಯರ್ (ಗ್ಲಾಸ್ ಕೂತಿರೋ, ಹೊರಗೆ ಎಳೆಯೋ ಚಿಕ್ಕ ಖಾನೆ) ಸುತ್ತ ಹೆಡ್‌ನ ಹೊರಮೈಯನ್ನ ಐಪಿಎ ಹಾಕಿದ ಟಿಶ್ಯೂನಲ್ಲಿ ಒರೆಸಿ. ಇದನ್ನ ಯಾರೂ ಮಾಡಲ್ಲ, ಹೊರಗಿನ ಮಸಿ ಒಳಗೆ ಬೀಳೋದೇ ಡ್ರಾಯರ್ ಎಳೆಯೋವಾಗ. ಗ್ಲೌಸ್ ಹಾಕ್ಕೊಂಡು ಡ್ರಾಯರ್ ಎಳೀರಿ, ಎಳೆದ ಮರುಕ್ಷಣ ಆ ಖಾಲಿ ಬಾಯಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಮುಚ್ಚಿ. ಟೇಪನ್ನ ಮುಂಚೇನೇ ಕತ್ತರಿಸಿ ಇಟ್ಕೊಂಡಿರಿ, ಬಾಯಿ ತೆರೆದಿಟ್ಟು ಟೇಪ್ ಎಲ್ಲೋ ಅಂತ ಹುಡುಕಬಾರದು.

ಡ್ರಾಯರ್ ಕ್ಲೀನ್ ಜಾಗಕ್ಕೆ ತಗೊಂಡು ಹೋಗಿ ಟಾರ್ಚನ್ನ ಓರೆಯಾಗಿ ಹಿಡಿದು ನೋಡಿ. ನೇರ ಹಿಡಿದ್ರೆ ಏನೂ ಕಾಣಲ್ಲ, ಓರೆ ಹಿಡಿದ್ರೆ ಸಾಸಿವೆಗಿಂತ ಚಿಕ್ಕ ಚುಕ್ಕೆನೂ ನಕ್ಷತ್ರದ ಥರ ಹೊಳೆಯತ್ತೆ. ಬರೀ ಧೂಳಿದ್ರೆ ರಬ್ಬರ್ ಬಲ್ಬಲ್ಲಿ ಊದಿ. ಬಾಯಲ್ಲಿ ಊದಬೇಡಿ, ಎಂಜಲು ಹಾರತ್ತೆ. ಕಂಪ್ರೆಸರ್ ಗನ್ ಅಂತೂ ಹತ್ರ ತರಲೇಬೇಡಿ. ನಾನೇ ಹೊಸದ್ರಲ್ಲಿ ಅವಸರಕ್ಕೆ ಡ್ರಾಯರ್ ತೆಗೆದ ಹೆಡ್‌ಗೆ ಏರ್ ಗನ್ ಹಿಡಿದು, ಎಣ್ಣೆ ಹನಿ ಮೇಲಿನ ಲೆನ್ಸಿಗೆ ಹೋಗಿ, ಹೆಡ್ ಸರ್ವಿಸ್‌ಗೆ ಕಳ್ಸಿ ಹತ್ತು ದಿನ ಮಷಿನ್ ನಿಲ್ಲಿಸಿದೀನಿ. ಊದಿದ್ರೂ ಹೋಗ್ಲಿಲ್ಲ ಅಂದ್ರೆ ಸ್ವಾಬ್‌ಗೆ ಐಪಿಎ ಹಾಕಿ, ನಡುವಿಂದ ಶುರುಮಾಡಿ ಸುರುಳಿ ಸುರುಳಿಯಾಗಿ ಹೊರಗೆ ಬನ್ನಿ, ಒತ್ತಬೇಡಿ, ಒಂದು ಸ್ವಾಬ್ ಒಂದೇ ಸಲ. ಗೆರೆ ಉಳಿದ್ರೆ ಹೊಸ ಸ್ವಾಬ್. ಬನಿಯನ್ ವೇಸ್ಟು, ಅಂಗಿ ತುದಿ, ಮನೆ ಕನ್ನಡಕ ಒರೆಸೋ ಬಟ್ಟೆ ಯಾವ್ದೂ ಬೇಡ, ಗ್ಲಾಸ್ ಮೇಲೆ ಕಣ್ಣಿಗೆ ಕಾಣದ ತೆಳು ಲೇಪ ಇರತ್ತೆ, ಗೀಚಿದ್ರೆ ಆಯ್ತು. ಕಪ್ಪು ಚುಕ್ಕೆ, ಸುಟ್ಟ ಗುರುತು, ಹೊಂಡ ಕಂಡ್ರೆ ಒರೆಸೋ ಗೋಜಿಗೇ ಹೋಗ್ಬೇಡಿ, ಬದಲಾಯಿಸಿ.

ಹೊಸ ಗ್ಲಾಸನ್ನ ಅಂಚಲ್ಲಿ ಮಾತ್ರ ಹಿಡ್ಕೊಳ್ಳಿ, ಹಾಕೋ ಮುಂಚೆ ಅದನ್ನೂ ಟಾರ್ಚಲ್ಲಿ ನೋಡಿ, ಹೊಸ ಪ್ಯಾಕೆಟ್‌ನಲ್ಲೂ ಧೂಳು ಇರತ್ತೆ. ಸೀಲ್ ರಿಂಗ್ ಸುಟ್ಟು ಚಪ್ಪಟೆ ಆಗಿದ್ರೆ ಬದಲಾಯಿಸಿ, ಅದು ಸರಿ ಕೂರ್ಲಿಲ್ಲ ಅಂದ್ರೆ ಗ್ಯಾಸ್ ಮೇಲಕ್ಕೆ ನುಗ್ಗತ್ತೆ, ಜೊತೆಗೆ ಹೊಗೆನೂ. ಎರಡು ಡ್ರಾಯರ್ ಇದ್ರೆ ಒಂದರಲ್ಲಿ ಗ್ಲಾಸ್ ಹಾಕಿ ಡಬ್ಬಿಯಲ್ಲಿ ರೆಡಿ ಇಟ್ಟಿರಿ, ಬದಲಾಯಿಸೋಕೆ ಅರ್ಧ ನಿಮಿಷ ಸಾಕು.

ಸತ್ತ ಗ್ಲಾಸನ್ನ ಎಸೆಯೋ ಮುಂಚೆ ಒಂದ್ಸಲ ಓದಿ, ಅದು ಮಾತಾಡತ್ತೆ. ಕೆಳಮೈಯಲ್ಲಿ ಎರಚಿದಂಗೆ ಚುಕ್ಕೆಗಳಿದ್ರೆ ಪಿಯರ್ಸಿಂಗ್, ಅಂದ್ರೆ ಕಟ್ ಶುರುವಿಗೆ ತೂತು ಹೊಡೆಯೋದು, ಅವಾಗ ಕಿಡಿ ಮೇಲೆ ಹಾರ್ತಿದೆ, ಪಿಯರ್ಸಿಂಗ್ ಎತ್ತರ ಜಾಸ್ತಿ ಮಾಡಿ ನೋಡಿ. ಮಂಜು ಕವಿದಂಗೆ ಜಿಡ್ಡಿದ್ರೆ ಗಾಳಿಯಲ್ಲಿ ಎಣ್ಣೆ ಇದೆ, ಮೇಲೆ 1ನೇ ಹಂತಕ್ಕೆ ವಾಪಸ್ ಹೋಗಿ. ಮೇಲ್ಮೈಯಲ್ಲಿ, ಅಂದ್ರೆ ಲೆನ್ಸ್ ಕಡೆಯ ಮೈಯಲ್ಲಿ, ಸುಟ್ಟಿದ್ರೆ ನೀವೇ ಡ್ರಾಯರ್ ತೆಗೆಯೋವಾಗ ಧೂಳು ಬೀಳ್ಸಿದೀರಿ. ದಿನಕ್ಕೊಂದು ಗ್ಲಾಸ್ ಹೋಗ್ತಿದೆ ಅಂದ್ರೆ ಗ್ಲಾಸ್ ಸಪ್ಲೈ ಮಾಡೋನಿಗೆ ಬೈಯ್ಯೋ ಮುಂಚೆ ಇದನ್ನೆಲ್ಲ ನೋಡಿ.

ಡ್ರಾಯರ್‌ಗಿಂತ ಮೇಲೆ ಕೈ ಹಾಕ್ಬೇಡಿ. ಫೋಕಸ್ ಲೆನ್ಸ್, ಕೊಲಿಮೇಟರ್ (ಹರಡೋ ಬೆಳಕನ್ನ ನೇರ ಮಾಡೋ ಲೆನ್ಸು), ಫೈಬರ್ ಕೇಬಲ್ ಹೆಡ್‌ಗೆ ಸೇರೋ ಕನೆಕ್ಟರ್ ಇವನ್ನ ಶಾಪ್ ಫ್ಲೋರ್‌ನಲ್ಲಿ ಬಿಚ್ಚೋದು ಅಂದ್ರೆ ಬಸ್‌ಸ್ಟ್ಯಾಂಡಲ್ಲಿ ಕಣ್ಣಿನ ಆಪರೇಶನ್ ಮಾಡ್ದಂಗೆ.

5. ಬೆಡ್, ಸ್ಲ್ಯಾಟು, ಧೂಳು

ಸ್ಲ್ಯಾಟ್ ಅಂದ್ರೆ ತಗಡು ಕೂರೋ ಗರಗಸದಂಥ ಪಟ್ಟಿ. ಇದರ ಹಲ್ಲಿಗೆ ಕಿಟ್ಟ ಕಟ್ಟಿದ್ರೆ ತಗಡು ಸಮವಾಗಿ ಕೂರಲ್ಲ, ಕಟ್ ಆದ ಪೀಸು ಎದ್ದು ನಿಂತು ಹೆಡ್‌ಗೆ ಬಡಿಯತ್ತೆ. ವಾರಕ್ಕೊಮ್ಮೆ ಉಳಿ ಸುತ್ತಿಗೆಯಲ್ಲಿ ಬಡಿದು ತೆಗೀರಿ. ಸವೆದ ಸ್ಲ್ಯಾಟನ್ನ ನಿಮ್ಮ ಮಷಿನ್ನಲ್ಲೇ ಕಟ್ ಮಾಡ್ಕೋಬಹುದು. ಆದ್ರೆ ಬೆಡ್ ಮೇಲೇ ವೆಲ್ಡ್ ಮಾಡ್ಬಿಡೋಣ ಅಂತ ವೆಲ್ಡಿಂಗ್ ಅರ್ತ್ ಕ್ಲಾಂಪನ್ನ ಮಷಿನ್ ಬಾಡಿಗೆ ಕಚ್ಚಿಸಬೇಡಿ, ಆ ಕರೆಂಟು ಬೇರಿಂಗು, ಸರ್ವೋ ಡ್ರೈವು, ಸೆನ್ಸರ್ ಬೋರ್ಡು ಯಾವ ದಾರಿ ಸಿಕ್ಕತ್ತೋ ಅದರಲ್ಲಿ ಹೋಗತ್ತೆ. ಪಟ್ಟಿ ಹೊರಗೆ ತೆಗೆದು ವೆಲ್ಡ್ ಮಾಡಿ.

ಕೆಳಗಿನ ಸ್ಕ್ರ್ಯಾಪ್ ಟ್ರೇ ತುಂಬೋಕೆ ಬಿಡಬೇಡಿ. ಅಲ್ಯೂಮಿನಿಯಂ ಕಟ್ ಮಾಡೋರು ಇದನ್ನ ಗಮನ ಇಟ್ಟು ಓದಿ: ಅಲ್ಯೂಮಿನಿಯಂ ಧೂಳು ಪಟಾಕಿ ಮದ್ದಿನ ಜಾತಿ. ಹೊಗೆ ಧೂಳು ಎಳ್ಕೊಳ್ಳೋ ಡಸ್ಟ್ ಕಲೆಕ್ಟರ್‌ನಲ್ಲಿ ಆ ಧೂಳು ಇರೋವಾಗ್ಲೇ ಎಂಎಸ್ ಕಟ್ ಮಾಡಿದ್ರೆ ಎಂಎಸ್ ಕಿಡಿ ಪೈಪಲ್ಲಿ ಹೋಗಿ ಹತ್ತಿಸತ್ತೆ. ಮೆಟೀರಿಯಲ್ ಬದಲಾಯಿಸೋ ಮುಂಚೆ ಟ್ರೇ, ಕಲೆಕ್ಟರ್ ಡಬ್ಬ ಎರಡೂ ಖಾಲಿ ಮಾಡಿ. ಹತ್ಕೊಂಡ್ರೆ ನೀರು ಹಾಕ್ಬೇಡಿ, ಇನ್ನೂ ಜೋರಾಗತ್ತೆ, ಒಣಗಿದ ಮರಳಿನ ಬಕೆಟ್ ಇಟ್ಟಿರಿ.

6. ರೈಲು, ರ್‍ಯಾಕು

ಇಲ್ಲಿ ಹೆಚ್ಚು ಹೇಳೋದಿಲ್ಲ. ಲೀನಿಯರ್ ಗೈಡ್ ರೈಲನ್ನ (ಹೆಡ್ ಓಡಾಡೋ ನೇರ ಹಳಿ) ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಏರ್ ಗನ್ ಹಿಡಿದ್ರೆ ಲೋಹದ ಪುಡಿ ರೈಲ್ ಮೇಲೆ ಜಾರೋ ಬ್ಲಾಕ್ ಒಳಗೆ ನುಗ್ಗತ್ತೆ. ಆಟೋ ಲ್ಯೂಬ್ರಿಕೇಶನ್ ಪಂಪಿನ ಎಣ್ಣೆ ಮಟ್ಟ ವಾರಕ್ಕೊಮ್ಮೆ ನೋಡಿ, ಎಣ್ಣೆ ಇಳೀತಾನೇ ಇಲ್ಲ ಅಂದ್ರೆ ಖುಷಿ ಪಡಬೇಡಿ, ಲೈನ್ ಬ್ಲಾಕ್ ಆಗಿದೆ. ಎಣ್ಣೆ ಅಂದಲ್ಲಿ ಎಣ್ಣೆ, ಗ್ರೀಸ್ ಅಂದಲ್ಲಿ ಗ್ರೀಸ್, ಒಂದರ ಜಾಗಕ್ಕೆ ಇನ್ನೊಂದು ಬೇಡ.

7. ಪ್ಯಾನಲ್, ಅರ್ತು

ಪ್ಯಾನಲ್ ಬಾಗಿಲು ತೆರೆದಿಟ್ಟು ಟೇಬಲ್ ಫ್ಯಾನ್ ಹಿಡಿಯೋದು ನಮ್ಮಲ್ಲಿ ಮಾಮೂಲಿ ದೃಶ್ಯ. ಬಾಗಿಲು ಮುಚ್ಚಿ, ಫ್ಯಾನ್ ಫಿಲ್ಟರ್ ಕ್ಲೀನ್ ಮಾಡಿ. ಹಾರೋ ಧೂಳಲ್ಲಿ ಲೋಹದ ಪುಡಿ ಇದೆ, ಬೋರ್ಡ್ ಮೇಲೆ ಬಿದ್ರೆ ಶಾರ್ಟ್. ಮಷಿನ್ನಿಗೆ ಪ್ರತ್ಯೇಕ ಅರ್ತ್ ಪಿಟ್ ಇರ್ಲಿ, ಬಹಳ ಕಂಪನಿಗಳು 4 ಓಮ್‌ಗಿಂತ ಕಮ್ಮಿ ಕೇಳ್ತವೆ, ಬೇಸಿಗೆಯಲ್ಲಿ ಪಿಟ್ ಒಣಗಿ ಅದು ಏರತ್ತೆ, ಎರಡು ದಿನಕ್ಕೊಮ್ಮೆ ಒಂದು ಬಕೆಟ್ ನೀರು ಹಾಕಿ. ಕರೆಂಟ್ ಹೋಗಿ ಬಂದ್ರೆ ಮತ್ತೆ ಅದೇ ಕ್ರಮ: ಚಿಲ್ಲರ್ ಮೊದಲು, ಆಮೇಲೆ ಸೋರ್ಸ್.

8. ಕಟ್ ಕೆಟ್ಟಾಗ ಎಲ್ಲಿಂದ ಹುಡುಕ್ಬೇಕು

ಪ್ಯಾರಾಮೀಟರ್, ಅಂದ್ರೆ ಪವರ್ ಸ್ಪೀಡ್ ಥರದ ಸೆಟ್ಟಿಂಗ್, ಮುಟ್ಟಬೇಡಿ. ನಿನ್ನೆ ಇದೇ ಪ್ಯಾರಾಮೀಟರ್‌ನಲ್ಲಿ ಕಟ್ ಆಗಿದೆ ಅಲ್ವಾ, ಬದಲಾಗಿರೋದು ಬೇರೆ ಏನೋ. ಚೌಕದ ಪೀಸ್ ಒಂದು ಕಟ್ ಮಾಡಿ ನಾಲ್ಕೂ ಬದಿ ನೋಡಿ. ಒಂದೇ ಬದಿಯಲ್ಲಿ ಬರ್ ಇದ್ರೆ ನಾಝಲ್ ಸೆಂಟರ್ ತಪ್ಪಿದೆ, ಟೇಪ್ ಟೆಸ್ಟ್ ಮಾಡಿ. ನಾಲ್ಕೂ ಬದಿ ಇದ್ರೆ ಗ್ಲಾಸ್ ನೋಡಿ, ಆಮೇಲೆ ಗ್ಯಾಸ್ ಪ್ರೆಶರ್, ಆಮೇಲೆ ಫೋಕಸ್. ಶುರುವಲ್ಲಿ ಚೆನ್ನಾಗಿದ್ದು ಹತ್ತು ನಿಮಿಷದ ಮೇಲೆ ಕೆಡ್ತಾ ಹೋದ್ರೆ ಗ್ಲಾಸ್ ಅಥವಾ ಲೆನ್ಸ್ ಬಿಸಿಯಾಗಿ ಫೋಕಸ್ ಜಾರ್ತಿದೆ, ಕೊಳೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನೈಟ್ರೋಜನ್‌ನಲ್ಲಿ ಕಟ್ ಮಾಡಿದ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಅಂಚು ಬೆಳ್ಳಿ ಥರ ಹೊಳೆಯೋ ಬದಲು ಹಳದಿ ಇಲ್ಲ ನೀಲಿ ತಿರುಗಿದ್ರೆ ಎಲ್ಲೋ ಗಾಳಿ ಸೇರ್ತಿದೆ ಅಥವಾ ಗ್ಯಾಸೇ ಶುದ್ಧ ಇಲ್ಲ, ಹೊಸ ಸಿಲಿಂಡರ್ ಹಾಕಿ ಪೈಪಲ್ಲಿರೋ ಹಳೇ ಗ್ಯಾಸ್ ಪೂರ್ತಿ ಹೊರಗೆ ಬಿಟ್ಟು ಇನ್ನೊಂದ್ಸಲ ನೋಡಿ. ಇಷ್ಟೆಲ್ಲಾ ನೋಡಿದ್ಮೇಲೂ ಸರಿಹೋಗ್ಲಿಲ್ಲ ಅಂದ್ರೆ ಆಗ ಸರ್ವಿಸ್‌ಗೆ ಫೋನ್ ಮಾಡಿ, ಪೀಸಿನ ನಾಲ್ಕೂ ಬದಿ ಫೋಟೋ, ಟೇಪ್ ಫೋಟೋ, ಗ್ಲಾಸ್ ಫೋಟೋ ಕಳ್ಸಿ, ಮಾತು ಬೇಗ ಮುಗಿಯತ್ತೆ.

9. ಆಯುಧ ಪೂಜೆ ಮತ್ತೆ ರಜೆ

ವರ್ಷಕ್ಕೊಮ್ಮೆ ಎಲ್ಲರೂ ಮನಸ್ಸಿಟ್ಟು ಮಷಿನ್ ತೊಳೆಯೋ ದಿನ ಅಂದ್ರೆ ಆಯುಧ ಪೂಜೆ, ಅದಾದ್ಮೇಲಿನ ವಾರವೇ ಗ್ಲಾಸ್ ಸುಟ್ಟೋಯ್ತು ಅಂತ ಜಾಸ್ತಿ ಫೋನ್ ಬರೋದು. ಅರಿಶಿನ ಕುಂಕುಮ ಬಾಡಿಗೆ ಹಚ್ಚಿ, ಹೂವಿನ ಹಾರ ಗ್ಯಾಂಟ್ರಿಗೆ (ಹೆಡ್ ಹೊತ್ಕೊಂಡಿರೋ ಅಡ್ಡ ತೊಲೆ) ಹಾಕಿ, ಬೂದುಗುಂಬಳ ಬಾಗಿಲಾಚೆ ಒಡೀರಿ. ಹೆಡ್‌ಗೆ ಮಾತ್ರ ಒಂದು ಕ್ಲೀನ್ ಪ್ಲಾಸ್ಟಿಕ್ ಕವರ್ ಕಟ್ಟಿ ಆ ಕವರ್‌ಗೇ ಪೂಜೆ ಮಾಡಿ, ಪ್ಯಾನಲ್ ಕಡೆ ತೀರ್ಥ ಚಿಮುಕಿಸಬೇಡಿ.

ನಾಲ್ಕೈದು ದಿನ ರಜೆ ಇದ್ರೆ ಗ್ಯಾಸ್ ಮೇನ್ ವಾಲ್ವ್ ಮುಚ್ಚಿ, ನಾಝಲ್ ಬಾಯಿಗೆ ಟೇಪ್ ಹಾಕಿ ಹೋಗಿ. ವಾಪಸ್ ಬಂದ ದಿನ ಅವಸರ ಬೇಡ: ಮೊದಲು ಕ್ಯಾಬಿನ್ ಎಸಿ ಹಾಕಿ ಒಂದು ಗಂಟೆ ತೇವ ಇಳಿಯೋಕೆ ಬಿಡಿ, ಕಂಪ್ರೆಸರ್ ನೀರು ಬಿಡಿ, ಆಮೇಲೆ ಚಿಲ್ಲರ್, ಆಮೇಲೆ ಸೋರ್ಸ್. ನಾಝಲ್‌ಗೆ ಹಾಕಿದ್ದ ಟೇಪ್ ತೆಗೆದ್ರಾ ನೋಡ್ಕೊಳ್ಳಿ, ನಗಬೇಡಿ, ಮರೆತೋರಿದಾರೆ.